ಹರಿದು ಹಂಚಿಕೊಂಡ ಕಾದಂಬರಿ

ರೋಗ ಹಬ್ಬಿದ ಊರಿನಲ್ಲಿ ಕೊಲೆ ನಡೆಯುವ ಹೊಸ ಕಾದಂಬರಿ, ನಾವಿಬ್ಬರೂ ಓದಿರಲಿಲ್ಲ. ಲಾಕ್‌ಡೌನಿನ ಹಿಂದಿನ ದಿನ ಅದನ್ನು ನಡುವೆ ಹರಿದು, ಮೊದಲರ್ಧವನ್ನು ಗೆಳೆಯ ಗದ್ದೆಪ್ಪ ಮಸ್ಕಿಗೆ ಒಯ್ದ. ಉಳಿದರ್ಧ ಸಿಂಧನೂರಿನಲ್ಲಿ, ನನ್ನ ಟ್ರಂಕಿನಲ್ಲಿ. ಅವನು ತನ್ನದನ್ನು ಫೋನಿನಲ್ಲಿ ನನಗೆ ಓದಿ ಹೇಳಿ ಮುಗಿಸುವ ತನಕ ನಾನು ನನ್ನದನ್ನು ತೆರೆಯಬಾರದೆಂದು ಮಾತಾಗಿತ್ತು.

ನಡುವೆ ಒಂದು ವಾರ ಅವನ ಸುದ್ದಿಯಿಲ್ಲ. ಆಮೇಲೊಂದು ಮಧ್ಯಾಹ್ನ ಅವನ ಫೋನ್ ಬಂತು. ಆ ಕಡುಬಿಸಿಲಲ್ಲೂ ಮೊಬೈಲು ಕಿವಿಗೆ ತಣ್ಣಗೆ ಹತ್ತಿತು.

"ಕೊಂದಾಕಿ ಡಾಕ್ಟರನ ಹೆಂಡ್ತಿ ಲೇ," ಎಂದವನೇ ಇಟ್ಟುಬಿಟ್ಟ.

ಮೋಸಗಾರ! ಬೈಯಲೆಂದೇ ತಿರುಗಿ ಫೋನ್ ಮಾಡಿದೆ. ಎತ್ತಿದವಳು ಅವನ ಹೆಂಡತಿ ದುರ್ಗಾದೇವಿ.

"ಅವರು ನಿನ್ನೆನ ತೀರ್ಕೊಂಡ್ರು ಅಣ್ಣಾರ. ಜಡ್ಡು ಬಂದಿದ್ದು ನಿಮಗ ಹೇಳಬ್ಯಾಡ ಅಂದಿದ್ರು."

ಸಾಯುವುದನ್ನು ಮುಚ್ಚಿಟ್ಟವನು ಕೊಂದವಳು ಯಾರೆಂದೇಕೆ ಹೇಳಿದ? ಸಿಟ್ಟಿನಿಂದ ಟ್ರಂಕು ತೆಗೆದು ಕೊನೆಯ ಪುಟ ನೋಡಿದೆ.

ಡಾಕ್ಟರನ ಹೆಂಡತಿಯೇ. ಆ ಅರ್ಧವನ್ನು ಗದ್ದೆಪ್ಪ ಒಮ್ಮೆಯೂ ಓದಿರಲಿಲ್ಲ.