ಆರ್ವಿಡ್ ಕೊಂಡ ಸ್ಟಾಕಿಂಗ್ಸ್

ಆರ್ವಿಡ್ ಪೇಟೆಯ ಬಟ್ಟೆ ಅಂಗಡಿಯಲ್ಲಿ ಹೆಂಗಸರು ಹಾಕುವ ತೆಳ್ಳನೆಯ ಉದ್ದ ಕಾಲುಚೀಲ, ನೈಲಾನ್ ಸ್ಟಾಕಿಂಗ್ಸ್ ಕೊಂಡನಂತೆ. ಒಂದಲ್ಲ, ಮೂರು ಜೊತೆ. ಮದುವೆಯಾಗದ ಗಂಡಸು, ಮನೆಯಲ್ಲಿ ಬೆಕ್ಕೊಂದನ್ನು ಬಿಟ್ಟರೆ ಬೇರೆ ಹೆಣ್ಣುಜೀವವಿಲ್ಲ. ಈ ಸುದ್ದಿಯನ್ನು ಮಾವಿಸ್ ಚಿಕ್ಕಮ್ಮ ಭಾನುವಾರ ಚರ್ಚು ಬಿಟ್ಟ ಕೂಡಲೇ ಡೆಲ್ಲಾಳ ಕಿವಿಗೆ ಹಾಕಿದಳು. ಅದೂ ಪಿಕ್‌ನಿಕ್ಕಿನ ಚೆರಿ ಪೈಗಳನ್ನು ಡೆಲ್ಲಾಳ ಕಾರಿನ ಹಿಂದಿನ ಸೀಟಿನಲ್ಲಿ ಜೋಡಿಸುತ್ತ, ಮೋಡ ಕವಿದಿದೆ ಎಂದು ಹೇಳುವಷ್ಟೇ ತಣ್ಣಗೆ.

"ಯಾರಿಗಂತೆ?" ಎಂದಳು ಡೆಲ್ಲಾ.

"ಅದನ್ನ ಅವನು ಬಾಯಿ ಬಿಡ್ತಾನಾ? ಅಂಗಡಿಯವಳು ಕೇಳಿದ್ದಕ್ಕೆ ಕಿವಿ ಕೆಂಪಗೆ ಮಾಡ್ಕೊಂಡು ಓಡಿಹೋದನಂತೆ. ಯಾರೋ ಇದಾಳೆ ಕಣೇ."

ಡೆಲ್ಲಾ ಪೈ ಡಬ್ಬಿಯ ಮುಚ್ಚಳವನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತಿದಳು. ಒಂದು ಪೈ ನಡುವೆ ಕುಸಿಯಿತು.

ಅವಳಪ್ಪ ತೀರಿಕೊಂಡಾಗ ಬಿಟ್ಟುಹೋದದ್ದು ಈ ಹಳೇ ಕಾಲದ ಮಾಡೆಲ್ ಟಿ ಕಾರು. ಅಂದಿನಿಂದ ಪ್ರತಿ ಗುರುವಾರ ಸಂಜೆ ಆರ್ವಿಡ್ ಅವಳ ಶೆಡ್ಡಿಗೆ ಬರುತ್ತಿದ್ದ. ಸಡಿಲವಾದದ್ದನ್ನು ಬಿಗಿ ಮಾಡಿ, ಕಾಫಿ ಕುಡಿದು, ಹ್ಯಾಟನ್ನು ಸ್ವಲ್ಪ ಎತ್ತಿ ಇಳಿಸಿ ಹೋಗುತ್ತಿದ್ದ. ಕಾರಿನಲ್ಲಿ ಸಡಿಲವಾದದ್ದು ಏನೂ ಇಲ್ಲದ ವಾರಗಳಲ್ಲಿ ಡೆಲ್ಲಾಳೇ ಬುಧವಾರ ಒಂದು ನಟ್ಟು ಸಡಿಲಿಸಿ ಇಡುತ್ತಿದ್ದಳು. ಹೆಣ್ಣು ಇಷ್ಟು ಮಾಡಿದ ಮೇಲೂ ಅವನ ಬಾಯಿಂದ ಗ್ರೀಸು, ಪ್ಲಗ್ಗುಗಳ ಆಚೆ ಒಂದು ಮಾತು ಬರಲಿಲ್ಲ. ಕೊನೆಗೆ ಅವಳಿಗೂ ಸಾಕಾಯಿತು. ಕಾರು ಮಾರಾಟಕ್ಕಿದೆ ಎಂದು ಪೇಪರಿನಲ್ಲಿ ಹಾಕಿಸಿದಳು. ಕಾರು ಹೋದರೆ ಗುರುವಾರಗಳೂ ಹೋಗುತ್ತವೆ, ಈ ಕಾಯುವ ಕಾಟವೂ ತಪ್ಪುತ್ತದೆ.

ಕೊಳ್ಳುವವನು ಶಿಕಾಗೋದಿಂದ ಇವತ್ತೇ ಬರುವವನಿದ್ದ, ಟಿ ಕಾರುಗಳ ಕ್ಲಬ್ಬಿನವರ ಪಿಕ್‌ನಿಕ್ ನಡೆಯುವ ಗುಡ್ಡದ ತುದಿಗೆ. ಈ ವಿಷಯ ಹೇಳಿದಾಗ ಆರ್ವಿಡ್ ಕಾಫಿ ಕಪ್ಪಿನ ತಳ ನೋಡಿದ. ಆಮೇಲೆ, ಗೇರ್‌ಬಾಕ್ಸಿನ ಪಟ್ಟಿಗಳು ಸವೆದಿವೆ, ಹೊಸವನ್ನು ಹಾಕಿಕೊಡುತ್ತೇನೆ ಎಂದಷ್ಟೇ ಹೇಳಿದ. ಡೆಲ್ಲಾ ಆ ರಾತ್ರಿ ದಿಂಬಿಗೆ ಗುದ್ದಿ ಮಲಗಿದಳು.

ಈಗ ಪಿಕ್‌ನಿಕ್ಕಿಗೆ ಹೊರಟ ಕಾರಿನಲ್ಲಿ ಅವನು ಅವಳ ಪಕ್ಕದಲ್ಲೇ ಕೂತಿದ್ದ. ಅವನ ಸ್ವಂತ ಕಾರಿನ ಇಂಜಿನ್ನು ಮನೆಯಲ್ಲಿ ಬಿಚ್ಚಿ ಹರಡಿಕೊಂಡಿತ್ತು. ಉದ್ದ ಕಾಲು ಮಡಚಿ, ಮೊಣಕಾಲಿನ ಮೇಲೆ ಹ್ಯಾಟು ಇಟ್ಟುಕೊಂಡಿದ್ದ. ವಿಸ್ಕಾನ್ಸಿನ್ನಿನ ಆ ಹಸಿರು ಏರಿಳಿತಗಳಲ್ಲಿ ಹಳೆಯ ಟಿ ಕಾರುಗಳು ಸಾಲಾಗಿ ಹೋಗುತ್ತಿದ್ದವು, ಕೊನೆಯದು ಇವರದು. ಡೆಲ್ಲಾ ಅವನ ಕಡೆ ನೋಡಬಾರದೆಂದು ಹಟ ಹಿಡಿದಿದ್ದಳು. ಆದರೂ ಓರೆಗಣ್ಣಿಗೆ ಅವನ ನೀಟಾಗಿ ಬಾಚಿದ ತಲೆ, ಕಿವಿಯ ಹತ್ತಿರ ಬೆಳ್ಳಗಾದ ನಾಲ್ಕು ಕೂದಲು ಕಂಡವು. ಯಾರಿಗಾಗಿ ಇಷ್ಟು ಬಾಚಿಕೊಂಡಿದ್ದಾನೋ ಎಂದು ಹೊಟ್ಟೆ ಉರಿಯಿತು.

ಅವನೂ ಕದ್ದು ನೋಡುತ್ತಿದ್ದ. ಅವಳು ತಿರುಗಿದರೆ ಮೇಯುತ್ತಿದ್ದ ಹಸುಗಳ ಕಡೆ ಮುಖ ತಿರುಗಿಸುತ್ತಿದ್ದ. ಏನು ಸಿಟ್ಟು ಎಂದು ಒಮ್ಮೆ ಕೇಳಿದ. ಸಿಟ್ಟಾಗಲು ತನಗೇನು ಹಕ್ಕಿದೆ ಎಂದಳು. ಅವನು ಮತ್ತೆ ಹಸುಗಳನ್ನು ನೋಡಿದ.

ದೊಡ್ಡ ಏರು ಶುರುವಾದಲ್ಲಿ ಇಂಜಿನ್ನಿನ ಮೂತಿಯಿಂದ ಟಕ್ ಟಕ್ ಸದ್ದು ಬಂತು. ಡೆಲ್ಲಾ ತಕ್ಷಣ ಕಾರನ್ನು ಬದಿಗೆ ತಂದು ನಿಲ್ಲಿಸಿದಳು. ಈ ಕಾರಿಗೆ ಎಣ್ಣೆ ಪಂಪು ಎಂಬುದೇ ಇಲ್ಲ. ಹಿಂದೆ ಗೇರ್‌ಬಾಕ್ಸಿನ ಪಕ್ಕ ತಿರುಗುವ ದೊಡ್ಡ ಚಕ್ರ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸಬೇಕು, ಒಂದು ಆಲಿಕೆ ಅದನ್ನು ಹಿಡಿದು ಕೊಳವೆಯಲ್ಲಿ ಮುಂದಕ್ಕೆ ಕಳಿಸಬೇಕು. ಗೇರ್‌ಬಾಕ್ಸಿನ ಹತ್ತಿ ಪಟ್ಟಿಗಳು ಉದುರಿಸುವ ಎಳೆಗಳು ಅದರಲ್ಲಿ ಸಿಕ್ಕಿಕೊಂಡರೆ ಇಂಜಿನ್ನಿನ ಮುಂಭಾಗ ಒಣಗುತ್ತದೆ. ಏರಿನಲ್ಲಂತೂ ಎಣ್ಣೆಯೆಲ್ಲ ಹಿಂದಕ್ಕೆ ಓಡುವುದರಿಂದ ಇನ್ನೂ ಬೇಗ. ಅದಕ್ಕೇ ಕ್ಲಬ್ಬಿನವರೆಲ್ಲ ಒಳಗೆ ಸಣ್ಣ ಜಾಲರಿ ಇಟ್ಟು ಎಣ್ಣೆ ಸೋಸುತ್ತಾರೆ.

"ನಾನು ನೋಡ್ತೀನಿ, ನೀನು ಕೂತಿರು," ಎಂದು ಆರ್ವಿಡ್ ಗಡಿಬಿಡಿಯಿಂದ ಎದ್ದ.

ಆ ಗಡಿಬಿಡಿಯೇ ಅವಳಿಗೆ ಅನುಮಾನ ತಂದಿತು. ಅವನನ್ನು ಸರಿಸಿ, ಕಾಲಡಿಯ ಹಲಗೆ ಎತ್ತಿ, ತಾನೇ ಗೇರ್‌ಬಾಕ್ಸಿನ ಮುಚ್ಚಳ ಬಿಚ್ಚಿದಳು. ಜಾಲರಿಯ ಮೇಲೆ ಎರಡು ಮಡಿಕೆ ಮಾಡಿ ಬಿಗಿದು ಕಟ್ಟಿದ ನೈಲಾನ್ ಸ್ಟಾಕಿಂಗ್ಸ್ ಕಂಡಿತು. ಅದರ ಮೇಲೆ ಹತ್ತಿಯ ಎಳೆ ಕಂಬಳಿಯಂತೆ ಕೂತಿತ್ತು, ಎಣ್ಣೆ ಮೇಲೆಯೇ ಮಡುಗಟ್ಟಿತ್ತು.

ಡೆಲ್ಲಾಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಗು ಒತ್ತಿಕೊಂಡು ಬಂತು, ತಡೆದುಕೊಂಡಳು.

"ಇದು ಯಾರಿಗೆ ಕೊಂಡಿದ್ದು?"

"ನಿನಗೆ. ಅಂದ್ರೆ, ನಿನ್ನ ಗಾಡಿಗೆ."

"ಮೂರು ಜೊತೆ?"

"ವರ್ಷಕ್ಕೆ ಒಂದು ಜೊತೆ ಸಾಕು ಅನ್ಕೊಂಡೆ."

"ಇವತ್ತು ಮಾರೋ ಗಾಡಿಗೆ ಮೂರು ವರ್ಷದ ಸ್ಟಾಕಿಂಗ್ಸ್ ಕೊಂಡ್ಯಾ?"

ಅವನ ಕಿವಿ ಕೆಂಪೇರತೊಡಗಿತು. ಹ್ಯಾಟನ್ನು ಕೈಯಲ್ಲಿ ತಿರುಗಿಸುತ್ತ, ನೀನು ಮಾರುವುದಿಲ್ಲ ಅಂದುಕೊಂಡಿದ್ದೆ ಎಂದ. ಮಾರಬೇಡ ಎಂದು ಹೇಳಲು ಎರಡು ಗುರುವಾರ ಪ್ರಯತ್ನಿಸಿದ್ದನಂತೆ. ಯಾವ ಮಾತಿನಿಂದ ಶುರುಮಾಡಬೇಕೋ ತಿಳಿಯಲಿಲ್ಲವಂತೆ.

"ಆರ್ವಿಡ್, ಜಾಲರಿ ಒಂದೇ ಸಾಕಿತ್ತು," ಎಂದಳು ಡೆಲ್ಲಾ. "ಇಷ್ಟು ಸಣ್ಣಗೆ ಸೋಸಿದ್ರೆ ಕಸಾನೂ ನಿಲ್ಲುತ್ತೆ, ಎಣ್ಣೇನೂ ನಿಲ್ಲುತ್ತೆ. ನೀನು ಮಾತಾಡೋದೂ ಹಿಂಗೇ. ಸೋಸಿ ಸೋಸಿ, ಇಷ್ಟು ವರ್ಷದಲ್ಲಿ ನನ್ನ ಕಡೆಗೆ ಒಂದು ತೊಟ್ಟೂ ಬಂದಿಲ್ಲ."

ಮೊದಲ ಸಲ ಅವನು ಕಣ್ಣು ತಪ್ಪಿಸಲಿಲ್ಲ. ಅವಳ ಕೆನ್ನೆಗೆ ಎಣ್ಣೆ ಮೆತ್ತಿತ್ತು. ಅದನ್ನು ಒರೆಸಲು ಕೈ ಎತ್ತಿದ, ಒರೆಸಿದ, ಇನ್ನೂ ಹೆಚ್ಚು ಮೆತ್ತಿದ.

ಸ್ಟಾಕಿಂಗ್ಸ್ ಕಿತ್ತು, ಜಾಲರಿ ತೊಳೆದು, ಕ್ಯಾನಿನ ಎಣ್ಣೆ ಸುರಿದು, ಇಂಜಿನ್ನು ಆರುವವರೆಗೆ ಇಬ್ಬರೂ ಹುಲ್ಲಿನ ಮೇಲೆ ಕೂತರು. ಉಳಿದ ಏರನ್ನು ರಿವರ್ಸ್ ಗೇರಿನಲ್ಲಿ ಹತ್ತುವುದೆಂದು ಡೆಲ್ಲಾ ತೀರ್ಮಾನಿಸಿದಳು. ಟಿ ಕಾರಿನವರಿಗೆ ಇದು ಹೊಸದಲ್ಲ. ಹಾಗೆ ಹತ್ತಿದರೆ ಮೂತಿ ಕೆಳಗಾಗಿ ಎಣ್ಣೆ ಮುಂದಕ್ಕೆ ಹರಿಯುತ್ತದೆ.

ಹಿಂದೆ ನೋಡಿಕೊಂಡು ಓಡಿಸಬೇಕಾದ್ದರಿಂದ ಇಬ್ಬರೂ ಸೀಟಿನಲ್ಲಿ ತಿರುಗಿ ಕೂತರು. ಮುಖಕ್ಕೂ ಮುಖಕ್ಕೂ ನಡುವೆ ಒಂದು ಗೇಣು ಜಾಗ. ಅವನ ಉಸಿರು ಅವಳ ಕಿವಿಯ ಹಿಂದಿನ ಕೂದಲನ್ನು ಅಲುಗಿಸುತ್ತಿತ್ತು. ಡೆಲ್ಲಾ ರಸ್ತೆ ನೋಡಬೇಕಾದವಳು ಅವನ ರೆಪ್ಪೆ ನೋಡುತ್ತಿದ್ದಳು.

"ಡೆಲ್ಲಾ," ಎಂದ ಆರ್ವಿಡ್.

"ಹೇಳು."

"ಸ್ವಲ್ಪ ಎಡಕ್ಕೆ."

ಅವಳು ಎಡಕ್ಕೆ ತಿರುಗಿಸಿದಳು. ತುಟಿ ಕಚ್ಚಿ ನಕ್ಕಳು. ಬುಧವಾರದ ನಟ್ಟುಗಳನ್ನು ತಾನೇ ಸಡಿಲಿಸುತ್ತಿದ್ದೆ ಎಂದು ಹೇಳಿಬಿಟ್ಟಳು. ಅವನು ಗೊತ್ತು ಎಂದ. ಸ್ಪ್ಯಾನರ್ ಕೂತ ಗುರುತು ಕಾಣುತ್ತಿತ್ತಂತೆ. ಗೊತ್ತಿದ್ದೂ ಪ್ರತಿ ಸಲ ಅರ್ಧ ಗಂಟೆ ಹುಡುಕುವ ನಾಟಕ ಮಾಡಿದ್ದನಲ್ಲ ಎಂದು ಅವಳಿಗೆ ಅವನನ್ನು ಹೊಡೆಯಬೇಕೋ ಮುದ್ದು ಮಾಡಬೇಕೋ ತಿಳಿಯಲಿಲ್ಲ.

ಗುಡ್ಡದ ತುದಿಯಲ್ಲಿ ಪೈ ಬರಲಿಲ್ಲವೆಂದು ಎಲ್ಲರೂ ರಸ್ತೆ ಕಾಯುತ್ತಿದ್ದರು. ಹಿಂದುಮುಂದಾಗಿ ಬಂದ ಕಾರನ್ನೂ, ಅದರಲ್ಲಿ ಒಬ್ಬರನ್ನೊಬ್ಬರು ನೋಡುತ್ತಿದ್ದ ಎರಡು ಎಣ್ಣೆ ಮುಖಗಳನ್ನೂ ಕಂಡು ಮಾವಿಸ್ ಚಿಕ್ಕಮ್ಮ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ಶಿಕಾಗೋದವನು ಕಾರಿನ ಸುತ್ತ ಒಂದು ಸುತ್ತು ಹಾಕಿದ. ಚೆನ್ನಾಗಿದೆ, ಈಗಲೇ ಮುಗಿಸೋಣ ಎಂದ. ರಿಪೇರಿ ಮಾಡುವವನು ಆರ್ವಿಡ್ ಎಂದು ತಿಳಿದು, ಗೇರ್‌ಬಾಕ್ಸಿನಲ್ಲಿ ತೊಂದರೆ ಏನಾದರೂ ಉಂಟೇ ಎಂದು ಅವನನ್ನೇ ಕೇಳಿದ.

ಆರ್ವಿಡ್ ಎಲ್ಲರ ಮುಖವನ್ನೂ ಒಮ್ಮೆ ನೋಡಿದ.

"ಗಾಡಿಗೆ ಏನೂ ತೊಂದ್ರೆ ಇಲ್ಲ. ಮಾರಬೇಡ ಅಂತ ನಾನು ಈಕೆಗೆ ಹೇಳ್ಬೇಕಿತ್ತು, ಹೇಳಿರ್ಲಿಲ್ಲ," ಎಂದು ಅವಳತ್ತ ತಿರುಗಿದ. ಆಮೇಲೆ ಅವನನ್ನು ತಡೆಯುವವರೇ ಇರಲಿಲ್ಲ. "ಮಾರಬೇಡ ಡೆಲ್ಲಾ. ನಂಗೆ ಗಾಡಿ ನೆಪ ಅಷ್ಟೇ, ನಾನು ಬರ್ತಿದ್ದಿದ್ದು ನಿನ್ನ ನೋಡೋಕೆ. ವಾರದಲ್ಲಿ ಉಳಿದ ಆರು ದಿನ ಬೆಕ್ಕಿನ ಹತ್ರ ನಿನ್ನ ಮಾತೇ ಆಡ್ತೀನಿ. ನನ್ನ ಮದುವೆ ಆಗು. ನೀನು ಗೊರಕೆ ಹೊಡೆದ್ರೂ ಪರವಾಗಿಲ್ಲ, ನಿನ್ನ ಚಿಕ್ಕಮ್ಮ ದಿನಾ ಬಂದ್ರೂ ಪರವಾಗಿಲ್ಲ. ಕಾಫಿ ಮಾತ್ರ ನಾನು ಮಾಡ್ತೀನಿ. ನೀನು ಮಾಡೋದು ಬರೀ ಬಿಸಿನೀರು."

ಡೆಲ್ಲಾಳ ಕಣ್ಣಲ್ಲಿ ನೀರಾಡಿತು, ಜೊತೆಗೇ ನಗು ಉಕ್ಕಿತು. ಶಿಕಾಗೋದವನ ಕ್ಷಮೆ ಕೇಳಿ, ಅವನ ಕೈಗೆ ದೊಡ್ಡದೊಂದು ತುಂಡು ಪೈ ಕೊಟ್ಟಳು. ಆಮೇಲೆ ಆರ್ವಿಡ್‌ನ ಎರಡೂ ಕೈ ಹಿಡಿದುಕೊಂಡಳು.

"ಕಾಫಿ ವಿಷಯಕ್ಕೆ ಮನೆಗೆ ಹೋಗಿ ಜಗಳ ಆಡೋಣ," ಎಂದಳು. "ಉಳಿದಿದ್ದಕ್ಕೆಲ್ಲ ಹೂಂ."