ಮೆಟ್ಟಿಲ ಕೆಳಗಿನ ಜಾಯಿಂಟು

"ಇಸ್ತ್ರಿ ಪೆಟ್ಟಿಗೆ ಮುಟ್ಬೇಡಿ!"

ಆ ಕೂಗಿಗೆ ಅವಳ ಕೈ ಗಾಳಿಯಲ್ಲೇ ನಿಂತಿತು. ವೈರಿಂಗ್ ತಪಾಸಣೆಗೆಂದು ಬಂದು ಹತ್ತು ನಿಮಿಷವಾಗಿಲ್ಲ, ಆಗಲೇ ಮನೆ ಯಜಮಾನನ ಹಾಗೆ ಅರಚುತ್ತಾನಲ್ಲ ಈ ಮನುಷ್ಯ!

ಅವನು ಓಡಿಹೋಗಿ ಮೇನ್ ಸ್ವಿಚ್ ಇಳಿಸಿದ. ಫ್ಯಾನು ಮೆಲ್ಲಗೆ ನಿಂತಿತು.

"ಈ ಸುಟ್ಟ ವಾಸನೆ ಎಷ್ಟು ದಿನದಿಂದ ಇದೆ?"

"ನಾನು ಟೈಲರ್ ರೀ. ದಿನಾ ಇಸ್ತ್ರಿ ಹಾಕ್ತೀನಿ. ಬಟ್ಟೆ ವಾಸನೆ ಅದು."

"ಬಟ್ಟೆ ಸುಟ್ಟರೆ ಬೇರೆ ವಾಸನೆ. ಇದು ವೈರ್ ಸುಡೋ ವಾಸನೆ."

ವಾಸನೆಯ ಜಾಡು ಹಿಡಿದು ಅವನು ಮೆಟ್ಟಿಲ ಕೆಳಗಿನ ಗೂಡಿನೊಳಗೆ ತೂರಿದ. ಒಳಗಿನಿಂದ ಹಳೆಯ ಡಬ್ಬಗಳು, ಮುರಿದ ಛತ್ರಿ, ಒಂದು ಕಾಲಿಲ್ಲದ ಸ್ಟೂಲು ಒಂದೊಂದಾಗಿ ಹೊರಬಂದವು.

"ಅಲ್ಲಿ ಗುಜರಿ ಬಿಟ್ರೆ ಏನೂ ಇಲ್ಲಪ್ಪಾ, ಟೆಸ್ಟರ್ ಸಾಹೇಬ್ರೇ," ಎಂದರು ಅಮ್ಮ. ಅವನ ಜೇಬಿನಲ್ಲಿದ್ದ ಟೆಸ್ಟರ್ ನೋಡಿ ಅವರು ಆಗಲೇ ಹೆಸರಿಟ್ಟಾಗಿತ್ತು!

ಅವನು ಕೊನೆಯ ಹಲಗೆ ಸರಿಸಿ ಟಾರ್ಚ್ ಬಿಟ್ಟ. ಇಸ್ತ್ರಿಯ ಪ್ಲಗ್ಗಿಗೆ ಹೋಗುವ ಲೈನನ್ನು ಯಾರೋ ನಡುವೆ ಕೆರೆದು, ಅದಕ್ಕೆ ಕೂದಲಿನಂಥ ತೆಳು ವೈರನ್ನು ಹೊಸೆದಿದ್ದರು. ಮೇಲೆ ಸುತ್ತಿದ್ದ ಟೇಪು ಒಣಗಿ ಬಿರಿದಿತ್ತು. ಸುತ್ತಲ ಗೋಡೆ ಕಪ್ಪಾಗಿತ್ತು.

"ಇನ್ನೊಂದು ವಾರ ಬಿಟ್ಟಿದ್ರೆ ಮನೆಗೇ ಬೆಂಕಿ. ಯಾರು ಮಾಡಿದ್ದು ಇದನ್ನ?"

ಅವಳ ಮುಖ ಕೆಂಪಾಯಿತು.

"ಈ ಮನೆಯ ಒಂದೊಂದು ವೈರೂ ನಮ್ಮಪ್ಪ ಎಳೆದಿದ್ದು! ಈ ಬೀದೀಲಿ ಅರ್ಧ ಮನೆಗಳಿಗೆ ಅವರೇ ವೈರ್‌ಮ್ಯಾನ್. ಅವರು ಹೋಗಿ ಮೂರು ವರ್ಷ ಆಯ್ತು. ಇವತ್ತಿಗೂ ಅವರ ಕೆಲಸಕ್ಕೆ ಯಾರೂ ಬೆರಳು ತೋರಿಸಿಲ್ಲ!"

ಅವನು ಅವಳ ಎಡಗೈಯಲ್ಲಿದ್ದ ಕತ್ತರಿಯನ್ನು ನೋಡಿದ. ಮತ್ತೆ ಆ ಟೇಪನ್ನು ನೋಡಿದ.

'ಏನು ನೋಡ್ತಿದಾನೆ ಇವನು?'

ಆಮೇಲೆ ಅವನು ಮಾಡಿದ್ದು ಇನ್ನೂ ವಿಚಿತ್ರ. ಮನೆಯ ಹನ್ನೊಂದು ಸ್ವಿಚ್ ಬಾಕ್ಸುಗಳನ್ನೂ ಬಿಚ್ಚಿ, ಒಂದೊಂದರಲ್ಲೂ ಇಣುಕಿ, ಏನೋ ಬರೆದುಕೊಂಡ. ಸುಟ್ಟ ಜಾಯಿಂಟನ್ನು ಕತ್ತರಿಸಿ, ಒಂದು ಕವರಿನಲ್ಲಿ ಹಾಕಿ ಅವಳ ಕೈಗಿತ್ತ.

"ಎಸೀಬೇಡಿ. ಸಿಟ್ಟು ಇಳಿದ್ಮೇಲೆ ಒಂದ್ಸಲ ನೋಡಿ."

ಅವನು ಗೇಟು ದಾಟುವ ಮೊದಲೇ ಅಮ್ಮ ಪಿಸುಗುಟ್ಟಿದರು. "ಮದುವೆ ಆಗಿದ್ಯಾ ಅಂತ ಕೇಳ್ಬಿಟ್ಟೆ ಕಣೇ. ಆಗಿಲ್ವಂತೆ!"

"ಅಮ್ಮಾ!"

*

ಒಂದನೇ ತಾರೀಖಿಗೆ ಅವಳ ಹೊಲಿಗೆ ತರಗತಿ ಶುರುವಾಗಬೇಕಿತ್ತು. ಆರು ಮಿಷನ್ನು ಬಂದು ಕೂತಿದ್ದವು. ವೈರಿಂಗ್ ಸುರಕ್ಷಿತ ಎಂಬ ಪತ್ರವಿಲ್ಲದೆ ಬಾಗಿಲು ತೆರೆಯುವಂತಿಲ್ಲ. ಆದರೆ ಅವಳಿಗೆ ಚಿಂತೆ ಹತ್ತಿದ್ದು ಪತ್ರದ್ದಲ್ಲ... ಅಪ್ಪನ ಹೆಸರಿನದು.

ಮೂರನೇ ದಿನ ವರದಿ ಬಂತು. ಬಾಗಿಲಲ್ಲಿ ನಿಂತೇ ಓದಿದಳು.

'ಮೆಟ್ಟಿಲ ಕೆಳಗಿನ ಜಾಯಿಂಟು ಅಪಾಯಕಾರಿ. ಆ ಲೈನು ಹೊಸದಾಗಿ ಎಳೆಯಬೇಕು. ಉಳಿದ ಹನ್ನೊಂದು ಕಡೆಯೂ ಕೆಲಸ ಅಚ್ಚುಕಟ್ಟು. ಇಂಥ ಕೈ ಈಗ ಅಪರೂಪ. ಅಪಾಯಕಾರಿ ಜಾಯಿಂಟು ಈ ಕೈಯದಲ್ಲ.'

ಕೊನೆಯಲ್ಲಿ ಇನ್ನೊಂದು ಸಾಲು. 'ಮರುತಪಾಸಣೆ: ಬೇರೆ ಅಧಿಕಾರಿಯಿಂದ.'

ಈ ಕೈಯದಲ್ಲ? ಹಾಗಾದರೆ ಯಾರದು? ಮತ್ತೆ ಬೇರೆ ಅಧಿಕಾರಿ ಯಾಕೆ? 'ನಾನು ಬೈದೆ ಅಂತ ಮುಖ ತಪ್ಪಿಸ್ತಿದಾನಾ?'

ಕುತೂಹಲ ಹೊಟ್ಟೆಯೊಳಗೆ ಹೊಕ್ಕ ಮೇಲೆ ಸಿಟ್ಟಿಗೆ ಜಾಗವಿರುವುದಿಲ್ಲ. ಕವರಿನಿಂದ ಜಾಯಿಂಟನ್ನು ತೆಗೆದಳು. ಮೇನ್ ಸ್ವಿಚ್ ಇಳಿಸಿ, ಕುರ್ಚಿ ಹತ್ತಿ ಅಪ್ಪನ ಒಂದು ಬಾಕ್ಸು ಬಿಚ್ಚಿ, ಎರಡನ್ನೂ ಅಕ್ಕಪಕ್ಕ ಹಿಡಿದಳು. ಅಪ್ಪನ ಟೇಪು ಬಲಕ್ಕೆ ವಾಲಿ ಸುತ್ತಿತ್ತು. ಇದು ಎಡಕ್ಕೆ.

ಅಷ್ಟರಿಂದ ಏನೂ ಹೊಳೆಯಲಿಲ್ಲ. ಯೋಚಿಸುತ್ತ, ದಿನದ ಕೆಲಸ ಮುಗಿದಾಗ ಮಾಡುವಂತೆ ಕೊರಳಿನ ಅಳತೆ ಟೇಪನ್ನು ತೆಗೆದು ಬೆರಳಿಗೆ ಸುತ್ತತೊಡಗಿದಳು.

ಸುತ್ತುತ್ತಿದ್ದ ಕೈ ನಿಂತೇ ಹೋಯಿತು.

ಎಡಕ್ಕೆ! ಮನೆಯಲ್ಲಿ ಎಡಗೈಯವಳು ಅವಳೊಬ್ಬಳೇ.

ಆಗ ಅವಳು ಹನ್ನೊಂದು ವರ್ಷದ ಹುಡುಗಿ. ಮೆಟ್ಟಿಲ ಕೆಳಗೆ ಗೊಂಬೆಗೆ ಲಂಗ ಹೊಲಿಯಲು ಒಂದು ದೀಪ ಬೇಕಿತ್ತು. 'ನಾಳೆ ಹಾಕ್ಕೊಡ್ತೀನಿ ಮಗಳೇ' ಎಂದು ಅಪ್ಪ ಊರಿನ ಮನೆಗಳಿಗೆಲ್ಲ ಬೆಳಕು ಹಾಕಲು ಹೋದರು. ಆ ನಾಳೆ ಬರಲೇ ಇಲ್ಲ. ಅಪ್ಪ ಮಾಡುವುದನ್ನು ನೋಡಿ ನೋಡಿ ಕಲಿತ ಅವಳು ಫ್ಯೂಸ್ ಕಿತ್ತಿಟ್ಟು, ಕದ್ದ ತುಂಡು ವೈರಿನಿಂದ ತಾನೇ ಒಂದು ಬಲ್ಬು ಜೋಡಿಸಿದ್ದಳು. ಆಮೇಲೆ ಬಲ್ಬು ಒಡೆಯಿತು. ಗೂಡಿಗೆ ಸಾಮಾನು ತುಂಬಿತು. ಅವಳು ದೊಡ್ಡವಳಾದಳು, ಮರೆತಳು. ವೈರು ಮರೆತಿರಲಿಲ್ಲ.

"ಅಮ್ಮಾ... ಅದು ಅಪ್ಪ ಮಾಡಿದ್ದಲ್ಲ. ನಾನು!" ಬಿಕ್ಕಿದಳು.

ಅಮ್ಮ ತಲೆ ಸವರಿದರು. "ನಿಮ್ಮಪ್ಪನಿಗೆ ಗೊತ್ತಾಗಿದ್ರೆ ಮೊದಲು ನಾಲ್ಕು ಬಾರಿಸಿ, ಆಮೇಲೆ ನನ್ನ ಮಗಳು ಜಾಯಿಂಟ್ ಹಾಕಿದ್ಲು ಅಂತ ಬೀದಿಗೆಲ್ಲ ಹೇಳ್ಕೊಂಡು ಬರ್ತಿದ್ರು. ಕಣ್ಣು ಒರೆಸ್ಕೊಂಡು ಹೋಗಿ ಆ ಟೆಸ್ಟರ್‌ಗೆ ಒಂದು ಮಾತು ಹೇಳಿ ಬಾ."

*

ವಿದ್ಯುತ್ ತಪಾಸಣಾ ಕಚೇರಿಯಲ್ಲಿ ಅವನು ಫೈಲುಗಳ ಗುಡ್ಡದ ಹಿಂದಿದ್ದ.

"ನಿಮಗೆ ಅವತ್ತೇ ಗೊತ್ತಿತ್ತು," ಅವಳು ನೇರವಾಗಿ ಹೇಳಿದಳು. "ನನ್ನ ಕತ್ತರಿ ನೋಡಿದ್ರಿ."

"ಅನುಮಾನ ಇತ್ತು. ಹನ್ನೊಂದು ಬಾಕ್ಸ್ ನೋಡಿದ್ಮೇಲೆ ಖಾತ್ರಿ ಆಯ್ತು."

"ಯಾಕೆ ಹೇಳ್ಲಿಲ್ಲ?"

"ಅಮ್ಮನ ಎದುರು ಹೇಗೆ ಹೇಳ್ಲಿ? ಅದೂ ಅಲ್ದೆ..." ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ. "ನೀವು ಅಪ್ಪನ ಪರ ಅಷ್ಟು ಜಗಳ ಆಡ್ತಿದ್ರಿ. ನೀವಾಗೇ ಕಂಡ್ಕೊಂಡ್ರೆ ನೋವು ಕಮ್ಮಿ ಅನ್ನಿಸ್ತು."

ಅವಳ ಎದೆಯಲ್ಲಿ ಏನೋ ಮೆತ್ತಗೆ ಸಡಿಲವಾಯಿತು.

"ಮತ್ತೆ ಬೇರೆ ಅಧಿಕಾರಿ ಯಾಕೆ? ನನ್ನ ಬಾಯಿಗೆ ಹೆದರಿದ್ರಾ?"

"ಅಯ್ಯೋ, ಬಾಯಿಗಲ್ಲ." ಅವನ ಕಿವಿ ಕೆಂಪಾಗಿತ್ತು. "ತಪಾಸಣೆ ಮಾಡೋನ ಕಣ್ಣು ವೈರ್ ಮೇಲಿರಬೇಕು. ನಿಮ್ಮ ಮನೇಲಿ ಇನ್ಮೇಲೆ ನನ್ನ ಕಣ್ಣು... ಅಲ್ಲಿರಲ್ಲ. ಇದ್ದದ್ದು ಹೇಳ್ಬಿಟ್ಟೆ."

ಪಕ್ಕದ ಮೇಜಿನ ಗುಮಾಸ್ತರ ಸೀಲು ಗಾಳಿಯಲ್ಲೇ ನಿಂತಿತು!

ಅವಳು ತಲೆ ತಗ್ಗಿಸಿ ನಕ್ಕಳು. "ಹೊಸ ಲೈನ್ ಎಳೆದು, ಬೇರೆಯವರು ಬಂದು ಪತ್ರ ಕೊಟ್ಮೇಲೆ... ನೀವು ಬನ್ನಿ. ಮೆಟ್ಟಿಲ ಕೆಳಗೆ ಒಂದು ದೀಪ ಹಾಕಿಸ್ತಿದೀನಿ."

*

ಪತ್ರ ಬಂತು. ಅದರ ಮರುದಿನ ಅವನೂ ಬಂದ, ಜೇಬಿನಲ್ಲಿ ಟೆಸ್ಟರ್ ಇಲ್ಲದೆ.

"ಇವತ್ತು ಬರಿಗೈಲಿ ಬಂದಿದಾರಲ್ಲ ಸಾಹೇಬ್ರು!" ಎಂದು ಅಮ್ಮ ಅಡುಗೆಮನೆಯಿಂದಲೇ ಕೂಗಿದರು.

ಇಬ್ಬರೂ ತಲೆ ಬಗ್ಗಿಸಿ ಗೂಡಿನೊಳಗೆ ನಿಂತರು. ಹೊಸ ಸುಣ್ಣದ ವಾಸನೆ. ಹೊಸ ಸ್ವಿಚ್ಚು. ಅವಳ ಬೆರಳು ಅದರ ಹತ್ತಿರ ಹೋಗಿ ನಿಂತಿತು.

"ಮುಟ್ಲಾ?"

ಅವನು ಆ ಎಡಗೈಯ ಮೇಲೆ ಮೆಲ್ಲಗೆ ತನ್ನ ಕೈ ಇಟ್ಟ.

"ಮುಟ್ಟಿ," ಅಂದ.