ಕಲೇಜಿ ಕೇಳಿಕೊಂಡು ಬರುವವನು

ಆ ಭಾನುವಾರವೂ ಈರೇಶ ಬಂದ. ಪಾಳಾ ತಾಂಡಾದ ರೂಪ್ಲಪ್ಪನ ಮಟನ್ ಅಂಗಡಿಯ ಮುಂದೆ ಬೈಕು ನಿಲ್ಲಿಸಿ, ಹೆಲ್ಮೆಟ್ ತೆಗೆದು, ಮೊದಲು ರೂಪ್ಲಪ್ಪನ ಮಗಳು ತುಳಜಾಳತ್ತ ನೋಡಿದ. ಅಥವಾ ಅವಳಿಗೆ ಹಾಗನಿಸಿತು. ಅವಳ ತಲೆ ಕೆಟ್ಟು ಮೊಸರಗಡಿಗೆಯಾಗಿದ್ದು ಈ 'ಅಥವಾ'ದಿಂದಲೇ.

ಮಳಗಿಯ ಜಂಗಮ ಅಡಿವೆಯ್ಯನವರ ಮಗ, ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಮೊಟ್ಟೆಯನ್ನೂ ಮುಟ್ಟದವನು, ವಾರವಾರ ಬಿಸಿಬಿಸಿ ಕಲೇಜಿ, ಆಡಿನ ಲಿವರು, ಒಯ್ಯುತ್ತಾನೆಂದರೆ ಊರವರು ಸುಮ್ಮನಿರುತ್ತಾರೆಯೇ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದೆ ಎಂದು ನಕ್ಕರು. ನಿಜ ತುಳಜಾಳಿಗೆ ಗೊತ್ತಿತ್ತು. ಹುಬ್ಬಳ್ಳಿಯ ಲ್ಯಾಬೊಂದರಲ್ಲಿ ಅವನು ಲಿವರಿನ ಜೀವಕೋಶಗಳ ಮೇಲೆ ಸಂಶೋಧನೆ ಮಾಡುತ್ತಿದ್ದ. ಕೊಯ್ದ ಕೂಡಲೇ ಲಿವರನ್ನು ಐಸಿನ ಡಬ್ಬಿಗೆ ಹಾಕಬೇಕು, ಇಲ್ಲದಿದ್ದರೆ ಜೀವಕೋಶಗಳು ಸಾಯುತ್ತವೆ ಎಂದು ಅವಳಿಗೆ ಕಲಿಸಿದವನೂ ಅವನೇ.

"ಹುಬ್ಬಳ್ಳ್ಯಾಗ ಆಡು ಸಿಗೂದಿಲ್ಲೇನ್ರಿ?" ಎಂದು ಒಮ್ಮೆ ಕೇಳಿದ್ದಳು.

"ಸಿಗತಾವ. ಆದ್ರ ನಿಮ್ಮ ಕಡೆವು ಅಡವಿ ಸೊಪ್ಪು ಮೇದಿರತಾವ."

ಇದೇನು ವಿಜ್ಞಾನವೋ, ನೆಪವೋ!

ಇನ್ನೊಮ್ಮೆ ಮೊಬೈಲಿನಲ್ಲಿ ವಿಡಿಯೊ ತೋರಿಸಿದ. ಒತ್ತೊತ್ತಾಗಿ ಕುಳಿತ ಜೀವಕೋಶಗಳ ಮೇಲೆ ಒಂದು ಹನಿ ಹಾರ್ಮೋನು ಬಿತ್ತು. ಒಂದು ಜೀವಕೋಶದ ಅಂಚಿನಿಂದ ಬೆಳಕೆದ್ದು ಒಳಗೆಲ್ಲ ಹರಿಯಿತು. ಆಮೇಲೆ ಜೀವಕೋಶ ಮೈ ಮುದುಡಿಕೊಂಡು, ಅಲ್ಲಲ್ಲಿ ಗುಳ್ಳೆಗುಳ್ಳೆಯಾಗಿ ಉಬ್ಬಿತು.

"ಹಾರ್ಮೋನು ಒಳಗ ಹೋಗಂಗಿಲ್ಲ," ಎಂದ. "ಬಾಗಲದಾಗ ನಿಂತು ಬಡೀತೈತಿ, ಅಷ್ಟ. ಒಳಗ ಕ್ಯಾಲ್ಸಿಯಂ ಏಳತೈತಿ, ಆ ಬೆಳಕು ಅದ. ಆಕಾರಾನ ಬದಲಾಗತೈತಿ."

"ಕ್ಯಾಲ್ಸಿಯಂ ಅಂದ್ರ ಎಲಿಗೆ ಹಚ್ಚೋ ಸುಣ್ಣದಾಗ ಇರತೈತಲ್ಲ, ಅದ?"

"ಹೂಂ, ಅದ."

"ಮತ್ತ ಮೊದಲಿನಂಗ ಆಗತೈತೇನ್ರಿ?"

"ಕೆಲವು ಆಗತಾವ. ಕೆಲವು ಯಾಕ ಆಗಂಗಿಲ್ಲ ಅನ್ನೂದ ನನಗ ತಿಳಿವಲ್ದು," ಎಂದವನು ಮೊಬೈಲು ಬಿಟ್ಟು ಅವಳ ಕಣ್ಣನ್ನೇ ನೋಡಿದ.

ಲಿವರಿನ ಮಾತೋ, ತನ್ನ ಮಾತೋ? ಕೇಳಿದರೆ ನಾಚಿಕೆ, ಬಿಟ್ಟರೆ ಸಂಕಟ.

ಇಂದು ಸಂಕಟಪಡಲಿಕ್ಕೂ ಪುರುಸೊತ್ತಿರಲಿಲ್ಲ. ಹಳಿಯಾಳದ ವರ ಹರೀಶನ ಮನೆಯವರು ಮಧ್ಯಾಹ್ನ ಮದುವೆಗೆ ಒಪ್ಪಿಗೆ ಕೇಳಲು ಬರುವವರಿದ್ದರು. ಒಳ್ಳೆಯ ಸಂಬಂಧ. ಯಾರದೋ ನೋಟ ನಂಬಿ ಬೇಡವೆಂದ ಮೇಲೆ, ಆ ನೋಟ ಕಲೇಜಿಯ ಮೇಲೆಯೇ ಇತ್ತೆಂದು ನಾಳೆ ತಿಳಿದರೆ?

ರೂಪ್ಲಪ್ಪ ಕಲೇಜಿ ಕೊಯ್ದು ತಟ್ಟೆಗಿಟ್ಟು, ಕೈ ತೊಳೆಯಲು ಒಳಗೆ ಹೋದ.

"ಇವತ್ತ ಹಳಿಯಾಳದಿಂದ ಬರ್ತಾರ," ಎಂದಳು ತುಳಜಾ. "ನನ್ನ ನೋಡಿ ಹೋದವರು. ಹೂಂ ಅನ್ನಿಸಿಕೊಳ್ಳಾಕ."

ಈರೇಶನ ಮುಖ ಬಿಳಿಚಿತು. "ಹೌದೇನ್ರಿ? ಚಲೋ ಆತು," ಎಂದ. ನಿಂತೇ ಇದ್ದ. ಕಲೇಜಿಯ ಮೇಲೆ ನೊಣ ಕೂತರೂ ಓಡಿಸಲಿಲ್ಲ.

"ಡಬ್ಬಿ ತೆಗೀರಿ. ಜೀವಕೋಶ ಸಾಯತಾವ."

"ಡಬ್ಬಿ ತಂದಿಲ್ಲ."

"ಮತ್ತ ಹೆಂಗ ಒಯ್ತೀರಿ?"

"ಲ್ಯಾಬಿನ ಕೆಲಸ ದೀಪಾವಳಿಗೇ ಮುಗದೈತಿ. ಆಮ್ಯಾಲೆ ಬರೇ ನೆಪಕ್ಕ ಡಬ್ಬಿ ತಗೊಂಡು ಬರತಿದ್ದೆ. ಇವತ್ತ ಸುಳ್ಳು ಹೇಳಾಕ ಮನಸಾಗಲಿಲ್ಲ."

"ಈಗ ಸಂಕ್ರಾಂತಿ ಬಂತಲ್ರಿ! ಇಷ್ಟ ದಿನ ಒಯ್ದಿದ್ದು?"

"ಮಳಗಿ ರಸ್ತೇದ ನಾಯಿಗೋಳಿಗೆ..."

"ಅಯ್ಯ ನಿಮ್ಮ! ನಮ್ಮ ಬಾಪು ಕೊಯ್ದ ಕಲೇಜಿ ನಾಯಿಗೆ ಹಾಕಿದ್ರಿ?" ಬೈಯಲು ಹೋದಳು, ನಗು ಬಂತು. ನಗುವಷ್ಟರಲ್ಲಿ ಅಳು ಬಂತು. "ಬಾಯಿ ಇರಲಿಲ್ಲೇನ್ರಿ ನಿಮಗ?"

"ನನ್ನ ಕೊಳ್ಳಾಗ ಲಿಂಗ, ನಿಮ್ಮದು ಮಟನ್ ಅಂಗಡಿ. ನಮ್ಮಪ್ಪ ಏನಂತಾನೋ, ನೀವೇನಂತೀರೋ, ಒಂದೂ ತಿಳೀಲಿಲ್ಲ. ನೀವಂದ್ರ ನನಗ ಜೀವ, ತುಳಜಾ. ಅದೊಂದ ತಿಳದೈತಿ."

"ನಾನು ತಿನ್ನೂದು ಬಿಡಂಗಿಲ್ಲ."

"ಬಿಡಬ್ಯಾಡ್ರಿ. ನನಗ ಎರಡು ರೊಟ್ಟಿ, ಒಂದಿಷ್ಟು ಪಲ್ಯಾ ಸಾಕು."

ಒಳಗಿನಿಂದ ರೂಪ್ಲಪ್ಪ ಕೂಗಿದ. "ಸ್ವಾಮ್ಯಾರ ಮಗಗ ಕಲೇಜಿ ಕಟ್ಟಿ ಕೊಟ್ಟಿಯೇನವಾ?"

ತುಳಜಾ ಕಣ್ಣೊರೆಸಿಕೊಂಡಳು.

"ಬಾಪು, ಹಳಿಯಾಳದವರು ಬರೂಕಿಂತ ಮೊದಲ ಹೊರಗ ಬಾ. ಇವರಿಗೆ ಕಲೇಜಿ ಬ್ಯಾಡಂತ. ಬ್ಯಾರೆ ಏನೋ ಕೇಳಾಕ ಬಂದಾರ. ನಾ ಹೂಂ ಅಂದೇನಿ."